ಪ್ಯಾಲೆಟ್ ನಿಂತಿದೆ, ಯಂತ್ರ ಖಾಲಿ ಇದೆ, ಅಲಾರಂ ಇಲ್ಲ: ಏಜೆಂಟ್ ಆಧಾರಿತ ನಿಯಂತ್ರಣದಲ್ಲಿ ದೋಷ ಪತ್ತೆ

ಲಕ್ಷಣ

ಕನ್ವೇಯರ್ ಕವಲೊಡೆಯುವ ಜಾಗದಲ್ಲಿ ಒಂದು ಪ್ಯಾಲೆಟ್ ನಿಂತಿದೆ. ಅದರ ಮೇಲಿರುವ ಬಿಡಿಭಾಗಕ್ಕೆ ಇನ್ನು ರಂಧ್ರ ಕೊರೆಯಬೇಕು. ಕೊರೆಯುವ ಯಂತ್ರ ಪಕ್ಕದಲ್ಲೇ ಖಾಲಿ ಇದೆ, ಹಸಿರು ದೀಪ ಉರಿಯುತ್ತಿದೆ. ಯಂತ್ರವನ್ನು ನೇರವಾಗಿ ನಡೆಸುವ ಕೈಗಾರಿಕಾ ನಿಯಂತ್ರಕವಾದ ಪಿಎಲ್‌ಸಿಯಲ್ಲಿ ದೋಷ ಸಂಕೇತವಿಲ್ಲ, ಆಪರೇಟರ್ ಪರದೆಯಲ್ಲಿ ಅಲಾರಂ ಇಲ್ಲ, ಯಂತ್ರಗಳ ಮತ್ತು ಆರ್ಡರ್‌ಗಳ ಪರವಾಗಿ ಮಾತಾಡುವ ತಂತ್ರಾಂಶಗಳಾದ ಏಜೆಂಟುಗಳೆಲ್ಲವೂ ಸಕ್ರಿಯ ಎಂದೇ ಪಟ್ಟಿಯಲ್ಲಿ ಕಾಣುತ್ತಿವೆ. ಆದರೂ ಏನೂ ಕದಲುವುದಿಲ್ಲ.

ಒಂದೇ ಪಿಎಲ್‌ಸಿ ಎಲ್ಲವನ್ನೂ ಆಳುವ ಕಡೆ ಹೀಗಾದರೆ ಅದರ ತರ್ಕ ಬರೆದಿರುವ ಲ್ಯಾಡರ್ ನಕ್ಷೆ ತೆರೆದು, ಯಾವ ಷರತ್ತು ಪೂರೈಸಿಲ್ಲ ಎಂದು ಬೆರಳಿಟ್ಟು ತೋರಿಸಬಹುದು. ಹೋಲಾನಿಕ್ ವ್ಯವಸ್ಥೆಯಲ್ಲಿ, ಅಂದರೆ ಹೋಲಾನ್ ಎಂಬ ಸ್ವತಂತ್ರ ಘಟಕಗಳು ಕೂಡಿ ನಡೆಸುವ ವ್ಯವಸ್ಥೆಯಲ್ಲಿ, ಅಂಥ ಹಾಳೆಯೇ ಇಲ್ಲ. ಪ್ಯಾಲೆಟ್ ಎಲ್ಲಿಗೆ ಹೋಗಬೇಕು ಎನ್ನುವುದನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಆರ್ಡರ್ ಮತ್ತು ಯಂತ್ರಗಳ ಮಾತುಕತೆಯಲ್ಲಿ ಅದು ಆಗಿಂದಾಗ್ಗೆ ತೀರ್ಮಾನವಾಗುತ್ತದೆ. ಆದ್ದರಿಂದ ಇಲ್ಲಿ ಕೆಟ್ಟ ಏಜೆಂಟನ್ನು ಹುಡುಕಿಕೊಂಡು ಹೊರಟವರು ಬರಿಗೈಯಲ್ಲಿ ವಾಪಸಾಗುವುದೇ ಹೆಚ್ಚು. ಪ್ರತಿಯೊಂದೂ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇರುತ್ತದೆ. ಒಂದು ಏಜೆಂಟ್ ಒಪ್ಪಂದ ಇನ್ನೂ ಜಾರಿಯಲ್ಲಿದೆ ಎಂದು ನಂಬಿರುತ್ತದೆ, ಇನ್ನೊಂದಕ್ಕೆ ಅದು ಮುಗಿದುಹೋದ ಕಥೆ. ಅಲಾರಂ ಬಾರದಿರುವುದಕ್ಕೂ ಇದೇ ಕಾರಣ: ಕಾಯುವುದು ತಪ್ಪಲ್ಲ, ಕಾಯುತ್ತಿರುವವರು ಕೂಗುವುದಿಲ್ಲ. ಹಾಗಾಗಿ ಮುಂದಿನ ಕ್ರಮವೆಲ್ಲ ಆ ತೂಗಾಡುತ್ತಿರುವ ಒಪ್ಪಂದವನ್ನು ಹುಡುಕುವ ಕ್ರಮ.

ಹೆಸರುಗಳ ಬಗ್ಗೆ ಒಂದು ಮಾತು. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ವಾನ್ ಬ್ರಸೆಲ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರೋಸಾ ಮಾದರಿಯಲ್ಲಿ ಆರ್ಡರ್, ಉತ್ಪನ್ನ, ಸಂಪನ್ಮೂಲ ಎಂಬ ಮೂರು ಮೂಲ ಹೋಲಾನ್‌ಗಳಿವೆ. ಅವುಗಳಿಗೆ ಸಲಹೆ ಕೊಡಲು ಸಿಬ್ಬಂದಿ ಹೋಲಾನ್ ಇರಬಹುದು. ಪೋರ್ಚುಗಲ್‌ನ ಲೈಟಾವ್ ಮತ್ತು ರೆಸ್ಟಿವೊ ಅವರ ಅಡಕೋರ್ ಮಾದರಿಯಲ್ಲಿ ಇವೇ ಉತ್ಪನ್ನ, ಕಾರ್ಯ, ನಿರ್ವಹಣೆ, ಮೇಲ್ವಿಚಾರಕ ಎಂಬ ಹೆಸರಿನಲ್ಲಿ ಬರುತ್ತವೆ. ನಿಮ್ಮ ಕಾರ್ಖಾನೆಯ ದಾಖಲೆ ಯಾವುದನ್ನು ಬಳಸಿದರೂ ದೋಷ ಹುಡುಕುವವರಿಗೆ ಮುಖ್ಯವಾದವು ಎರಡೇ: ಕೆಲಸ ಬೇಡುವ ಆರ್ಡರ್, ಕೆಲಸ ಮಾಡುವ ಸಂಪನ್ಮೂಲ. ಇಲ್ಲಿ ಆ ಎರಡು ಹೆಸರುಗಳನ್ನೇ ಬಳಸಿದೆ.

ಮೊದಲು ಸಾಕ್ಷ್ಯ ಉಳಿಸಿ

ಎಲ್ಲವನ್ನೂ ಮರುಪ್ರಾರಂಭಿಸಿದರೆ ಪ್ಯಾಲೆಟ್ ಹೊರಡುತ್ತದೆ. ಅದೇ ತೊಂದರೆ. ಒಪ್ಪಂದದ ಕಥೆ ಇರುವುದು ಏಜೆಂಟುಗಳ ಸ್ಮರಣೆಯಲ್ಲಿ; ಮರುಪ್ರಾರಂಭದಲ್ಲಿ ಅದು ಅಳಿಸಿಹೋಗುತ್ತದೆ, ದೋಷ ಮಾತ್ರ ಅಲ್ಲೇ ಉಳಿದು ಇನ್ನೊಂದು ದಿನ, ಬಹುಪಾಲು ರಾತ್ರಿ ಪಾಳಿಯಲ್ಲಿ, ಮತ್ತೆ ಎದುರಾಗುತ್ತದೆ.

ಮುಟ್ಟುವ ಮುಂಚೆ ಇವಿಷ್ಟು ಎತ್ತಿಟ್ಟುಕೊಳ್ಳಿ: ನಿಂತ ಆರ್ಡರ್ ಮತ್ತು ಖಾಲಿ ಯಂತ್ರ ಎರಡರ ಏಜೆಂಟ್ ಸ್ಥಿತಿ, ಅವುಗಳ ಸಂದೇಶ ಸರದಿಯಲ್ಲಿ ಓದದೆ ಬಿದ್ದಿರುವ ಸಂದೇಶಗಳು, ಯಾರು ಯಾವ ಕೆಲಸ ಮಾಡಬಲ್ಲರೆಂದು ಹೇಳುವ ಸೇವೆಗಳ ಡೈರೆಕ್ಟರಿಯ ಪ್ರತಿ, ಎರಡೂ ಕಡೆಯ ಪಿಎಲ್‌ಸಿ ಟ್ಯಾಗ್‌ಗಳ (ಹೆಸರಿಟ್ಟ ಸಂಕೇತಗಳ) ಮೌಲ್ಯ ಮತ್ತು ಆ ಮೌಲ್ಯ ಹುಟ್ಟಿದ ಸಮಯ. ಏಜೆಂಟುಗಳು ಜಾವಾದಲ್ಲಿದ್ದರೆ ಥ್ರೆಡ್ ಡಂಪನ್ನು (ಪ್ರತಿ ಥ್ರೆಡ್, ಅಂದರೆ ಕಾರ್ಯಕ್ರಮದ ಓಟದ ಎಳೆ, ಯಾವ ಸಾಲಿನಲ್ಲಿದೆ ಎಂಬ ಚಿತ್ರವನ್ನು) ಹತ್ತು ಸೆಕೆಂಡು ಬಿಟ್ಟು ಎರಡು ಸಲ ತೆಗೆಯಿರಿ. ಎರಡರಲ್ಲೂ ಅದೇ ಥ್ರೆಡ್ ಅದೇ ಸಾಲಿನಲ್ಲಿ ನಿಂತಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಜಾವಾ ಏಜೆಂಟುಗಳನ್ನು ಓಡಿಸುವ ಜೇಡ್ ವೇದಿಕೆಯಲ್ಲಿ ಸಂದೇಶಗಳನ್ನು ಕದ್ದು ಕೇಳುವ ಸ್ನಿಫರ್, ಏಜೆಂಟಿನ ಒಳಗನ್ನು ತೋರಿಸುವ ಇಂಟ್ರೊಸ್ಪೆಕ್ಟರ್ ಎರಡೂ ಜೊತೆಗೇ ಬರುತ್ತವೆ. ಸ್ನಿಫರ್ ಹಚ್ಚಿದ ಮೇಲಿನ ಸಂದೇಶಗಳನ್ನಷ್ಟೇ ತೋರಿಸುತ್ತದೆ ಎಂಬುದು ನೆನಪಿರಲಿ. ನಡೆದುಹೋದದ್ದಕ್ಕೆ ನಿಮ್ಮದೇ ಲಾಗ್ ಬೇಕು.

ಸತ್ತಿದೆಯೋ, ಕಾಯುತ್ತಿದೆಯೋ, ಅಲೆಯುತ್ತಿದೆಯೋ

ಸಂದೇಶಗಳ ಲಾಗನ್ನು ಕಡೆಯ ಐದು ನಿಮಿಷಕ್ಕೆ ಸೋಸಿ ನೋಡಿ. ಮೂರರಲ್ಲಿ ಒಂದು ಚಿತ್ರ ಕಾಣುತ್ತದೆ.

ಆರ್ಡರ್ ಏಜೆಂಟಿನಿಂದ ಒಂದೂ ಸಂದೇಶ ಹೊರಟಿಲ್ಲ, ಅದರ ಹೆಸರಿಗೆ ಬಂದವು ಸರದಿಯಲ್ಲಿ ಬೆಳೆಯುತ್ತಲೇ ಇವೆ ಎಂದಾದರೆ ಆ ಏಜೆಂಟಿನ ಥ್ರೆಡ್ ಎಲ್ಲೋ ಸಿಕ್ಕಿಕೊಂಡಿದೆ. ಒಂದು ಸಂವಾದ ಅರ್ಧಕ್ಕೆ ನಿಂತು ಎರಡೂ ಕಡೆ ಮೌನವಾಗಿದ್ದರೆ ಅದು ಕಾಯುವಿಕೆ. ಹೊಸ ಹೊಸ ಸಂವಾದಗಳು ತೆರೆಯುತ್ತಲೇ ಇದ್ದು ಯಾವುದೂ ಯಂತ್ರದ ಚಲನೆಯಲ್ಲಿ ಕೊನೆಯಾಗದಿದ್ದರೆ ಅದು ಅಲೆದಾಟ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಕಾಯುವಿಕೆ ಎಲ್ಲಕ್ಕಿಂತ ಸಾಮಾನ್ಯ, ಹುಡುಕುವುದು ಎಲ್ಲಕ್ಕಿಂತ ಕಷ್ಟ. ಬರಹದ ಹೆಚ್ಚು ಭಾಗ ಅದಕ್ಕೇ ಮೀಸಲು.

ನಾಲ್ಕನೆಯ ಸಾಧ್ಯತೆಯೂ ಒಂದಿದೆ: ದೋಷವೇ ಇಲ್ಲದಿರುವುದು. ಕಾರು ತಯಾರಕ ಡೈಮ್ಲರ್ ಕ್ರೈಸ್ಲರ್ ಸಿಲಿಂಡರ್ ಹೆಡ್ ತಯಾರಿಕೆಗೆಂದು ಪ್ರಯೋಗಿಸಿದ ಪ್ರೊಡಕ್ಷನ್ 2000+ ವ್ಯವಸ್ಥೆಯಲ್ಲಿ ಪ್ರತಿ ಯಂತ್ರದ ಏಜೆಂಟಿಗೂ ಮಿತಿಯುಳ್ಳ ಒಂದು ಕಾಲ್ಪನಿಕ ಬಫರ್, ಅಂದರೆ ಲೆಕ್ಕದಲ್ಲಿ ಮಾತ್ರ ಇರುವ ಕಾಯುವ ಜಾಗ, ಇತ್ತು; ಅದು ತುಂಬಿದರೆ ಯಂತ್ರ ಹೊಸ ಕೆಲಸ ಒಪ್ಪಿಕೊಳ್ಳುತ್ತಿರಲಿಲ್ಲ. ಮುಂದಿನ ಹಾದಿ ಕಟ್ಟಿಕೊಂಡಾಗ ಹಿಂದಿನ ಯಂತ್ರಗಳು ತಾವಾಗಿಯೇ ನಿಧಾನಿಸಬೇಕು ಎಂಬುದೇ ಅದರ ಉದ್ದೇಶ. ನಿಮ್ಮ ವ್ಯವಸ್ಥೆಯಲ್ಲೂ ಇಂಥ ಮಿತಿ ಇದ್ದರೆ, ಖಾಲಿ ಯಂತ್ರ ಕೆಲಸಕ್ಕೆ ಬಿಡ್ ಹಾಕದೆ (ನಾನು ಮಾಡುತ್ತೇನೆಂದು ಮುಂದೆ ಬಾರದೆ) ಕುಳಿತಿರುವುದು ಸರಿಯಾದ ನಡವಳಿಕೆಯೇ ಆಗಿರಬಹುದು. ಮೊದಲು ಆ ಯಂತ್ರದ ಮುಂದಿನ ಸಾಲು ನೋಡಿ.

ಕೆಳಗಿನಿಂದ ಶುರು ಮಾಡಿ: ಪಿಎಲ್‌ಸಿಯ ಗಡಿ

ಏಜೆಂಟುಗಳ ಚತುರ ಮಾತುಕತೆಯನ್ನು ಬಿಡಿಸುವ ಆಸೆ ಎಲ್ಲರಿಗೂ ಇರುತ್ತದೆ. ಆ ಆಸೆಯನ್ನು ಸ್ವಲ್ಪ ತಡೆದು, ಯಂತ್ರದ ಬಳಿಗೆ ನಡೆದುಹೋಗಿ ಕಣ್ಣಾರೆ ನೋಡಿ: ಯಂತ್ರದೊಳಗೆ ಭಾಗ ಇದೆಯೇ? ಏಜೆಂಟ್ ಏನೆಂದು ನಂಬಿದೆ? ಎರಡೂ ಒಂದೇ ಆಗಿರದಿದ್ದರೆ ಮೇಲಿನ ಸಂದೇಶಗಳನ್ನು ಓದುವ ಅಗತ್ಯವೇ ಬೀಳುವುದಿಲ್ಲ.

ಎರಡರ ನಡುವೆ ಬಿರುಕು ಮೂಡುವ ಹಾದಿಗಳಲ್ಲಿ ಎಲ್ಲಕ್ಕಿಂತ ಸಾದಾ ಹಾದಿ ಮನುಷ್ಯನ ಕೈ. ಯಾರೋ ಸಿಕ್ಕಿಕೊಂಡ ಭಾಗವನ್ನು ತೆಗೆದು ಪಕ್ಕಕ್ಕಿಟ್ಟಿರುತ್ತಾರೆ. ಯಂತ್ರದ ಏಜೆಂಟಿನ ಲೆಕ್ಕದಲ್ಲಿ ಆ ಭಾಗ ಇನ್ನೂ ಒಳಗೇ ಇದೆ, ಆದ್ದರಿಂದ ಆರ್ಡರ್‌ಗಳಿಂದ ಬಂದ ಪ್ರತಿ ಟೆಂಡರ್‌ಗೂ (ಕೆಲಸದ ಕರೆಗೂ) ನಿರಾಕರಣೆ. ತೆಗೆದ ಭಾಗದ ಆರ್ಡರ್ ಏಜೆಂಟೂ ತನ್ನ ಕೆಲಸ ನಡೆಯುತ್ತಿದೆ ಎಂದು ನೆಮ್ಮದಿಯಿಂದ ಕಾಯುತ್ತಿರುತ್ತದೆ. ಕೈಯಾರೆ ತೆಗೆದದ್ದನ್ನು ವ್ಯವಸ್ಥೆಗೆ ತಿಳಿಸಲು ಪರದೆಯಲ್ಲಿ ಒಂದು ಗುಂಡಿ ಇಲ್ಲದಿದ್ದರೆ ಈ ದೋಷಕ್ಕೆ ಆಪರೇಟರನ್ನು ದೂರುವುದರಲ್ಲಿ ಅರ್ಥವಿಲ್ಲ.

ಎರಡನೆಯದು, ಕಣ್ಣಿಗೆ ಬೀಳದೆ ಹೋಗುವ ಸಂಕೇತ. ಪಿಎಲ್‌ಸಿ ಕಾರ್ಯಕ್ರಮ ಬರೆದವರು 'ಮುಗಿಯಿತು' ಎಂಬ ಬಿಟ್ಟನ್ನು ಒಂದು ಸ್ಕ್ಯಾನ್ (ಆ ಕಾರ್ಯಕ್ರಮದ ಒಂದು ಸುತ್ತು) ಮಾತ್ರ ಏರಿಸಿ ಇಳಿಸಿರುತ್ತಾರೆ. ಸ್ಕ್ಯಾನ್ 10 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. ಪಿಎಲ್‌ಸಿಯ ಮೌಲ್ಯಗಳನ್ನು ಏಜೆಂಟಿಗೆ ತಲುಪಿಸುವ ನಡುವಿನ ಓಪಿಸಿ ಯುಎ ಸರ್ವರ್ ಆ ಟ್ಯಾಗನ್ನು 500 ಮಿಲಿಸೆಕೆಂಡಿಗೊಮ್ಮೆ ನೋಡುತ್ತಿದ್ದರೆ ಆ ಏರಿಳಿತ ಅದಕ್ಕೆ ಕಾಣುವುದು ಅದೃಷ್ಟದ ಮಾತು. ಸ್ಯಾಂಪಲಿಂಗ್ ವೇಗ ಹೆಚ್ಚಿಸಿದರೆ ಸಾಲದು. ಆ ಟ್ಯಾಗಿನ ಸರದಿಯ ಗಾತ್ರ 1 ಎಂದಿದ್ದರೆ, ಎರಡು ಪ್ರಕಟಣೆಗಳ ನಡುವೆ ಬಂದ ಬದಲಾವಣೆಗಳಲ್ಲಿ ಕಡೆಯದು ಮಾತ್ರ ಏಜೆಂಟಿಗೆ ತಲುಪುತ್ತದೆ. ಬಿಟ್ ಏರಿ ಇಳಿದಿದ್ದರೆ ತಲುಪುವುದು ಇಳಿದ ಮೌಲ್ಯ. ಯಂತ್ರ ಕೆಲಸ ಮುಗಿಸಿದೆ, ಏಜೆಂಟಿಗೆ ಗೊತ್ತಿಲ್ಲ.

ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಪಿಎಲ್‌ಸಿ ಎಣಿಸಿದ ಮುಗಿದ ಭಾಗಗಳ ಸಂಖ್ಯೆ, ಏಜೆಂಟ್ ಎಣಿಸಿದ ಸಂಖ್ಯೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ವ್ಯತ್ಯಾಸ ಒಂದೇ ಆದರೂ ಸರಿ, ಸಿಕ್ಕಿತು. ಪರಿಹಾರ ವೇಗದಲ್ಲಿ ಇಲ್ಲ, ಕ್ರಮದಲ್ಲಿ ಇದೆ: ಪಿಎಲ್‌ಸಿ ಬಿಟ್ಟನ್ನು ಏರಿಸಿ ಹಿಡಿದಿಡಬೇಕು, ಏಜೆಂಟ್ ಕಂಡೆನೆಂದು ಉತ್ತರದ ಬಿಟ್ ಏರಿಸಬೇಕು, ಆಮೇಲೆ ಪಿಎಲ್‌ಸಿ ತನ್ನದನ್ನು ಇಳಿಸಬೇಕು, ಕಡೆಗೆ ಏಜೆಂಟ್ ತನ್ನದನ್ನು ಇಳಿಸಬೇಕು. ಜೊತೆಗೆ ಪ್ರತಿ ಕೆಲಸಕ್ಕೂ ಒಂದು ಕ್ರಮಸಂಖ್ಯೆ ಎರಡೂ ದಿಕ್ಕಿನಲ್ಲಿ ಓಡಾಡಲಿ. ಯಾವ 'ಮುಗಿಯಿತು' ಯಾವ ಕೆಲಸಕ್ಕೆ ಸೇರಿದ್ದು ಎಂಬ ಗೊಂದಲ ಆಗ ಉಳಿಯುವುದಿಲ್ಲ.

ಮೂರನೆಯದು ಹಳಸಿದ ಮೌಲ್ಯ. ಜಾಲ ಕೆಲಕಾಲ ಕಡಿದು ಮತ್ತೆ ಸೇರಿದೆ. ಅಷ್ಟರಲ್ಲಿ ಸರ್ವರ್ ಹಳೆಯ ಚಂದಾದಾರಿಕೆಯ (ಟ್ಯಾಗ್ ಬದಲಾದರೆ ತಿಳಿಸು ಎಂಬ ಏಜೆಂಟಿನ ಕೋರಿಕೆಯ) ಆಯುಷ್ಯ ಮುಗಿಯಿತೆಂದು ಅದನ್ನು ಅಳಿಸಿದೆ. ಸಂಪರ್ಕ ಮರಳಿ ಬಂದರೂ ಚಂದಾದಾರಿಕೆಯನ್ನು ಹೊಸದಾಗಿ ಕಟ್ಟುವ ಸಾಲುಗಳನ್ನು ಯಾರೂ ಬರೆದಿಲ್ಲ. ಏಜೆಂಟ್ ತನ್ನ ಬಳಿ ಇರುವ ಕಡೆಯ ಮೌಲ್ಯವನ್ನೇ ಸತ್ಯವೆಂದು ಹಿಡಿದು ಕುಳಿತಿರುತ್ತದೆ. ಟ್ಯಾಗಿನ ಮೌಲ್ಯವನ್ನು ನೋಡುವಾಗ ಅದರ ಗುಣಮಟ್ಟದ ಸಂಕೇತವನ್ನೂ ಮೂಲದ ಸಮಯವನ್ನೂ ನೋಡುವ ಅಭ್ಯಾಸ ಬೇಕೆನ್ನುವುದು ಇದಕ್ಕೇ. ನಲವತ್ತು ನಿಮಿಷದಿಂದ ಬದಲಾಗದ 'ಸಿದ್ಧ' ಎಂಬ ಸಂಕೇತ ಸುದ್ದಿಯಾಗಿ ಉಳಿದಿರುವುದಿಲ್ಲ.

ಐಇಸಿ 61499 ಎಂಬ ಮಾನದಂಡದ ಫಂಕ್ಷನ್ ಬ್ಲಾಕ್‌ಗಳಲ್ಲಿ ಕೆಳಹಂತ ಬರೆದಿದ್ದರೆ ಸ್ಕ್ಯಾನ್ ತಪ್ಪುವ ತೊಂದರೆ ಕಡಿಮೆ, ಏಕೆಂದರೆ ಅಲ್ಲಿ ಕೆಲಸ ನಡೆಯುವುದೇ ಘಟನೆಗಳ ಮೇಲೆ. ಆದರೆ ಒಂದೇ ಸಲ ಬಂದ ಎರಡು ಘಟನೆಗಳನ್ನು ಯಾವ ಕ್ರಮದಲ್ಲಿ ನಡೆಸಬೇಕೆಂಬ ವಿಚಾರದಲ್ಲಿ ಬ್ಲಾಕ್‌ಗಳನ್ನು ಓಡಿಸುವ ಬೇರೆ ಬೇರೆ ರನ್‌ಟೈಮ್‌ಗಳು ಬೇರೆ ಬೇರೆಯಾಗಿ ನಡೆದುಕೊಂಡಿವೆ. ಒಂದು ಸಾಧನದಲ್ಲಿ ಸರಿಯಾಗಿ ಓಡಿದ ಬ್ಲಾಕ್ ಜಾಲವನ್ನು ಇನ್ನೊಂದಕ್ಕೆ ವರ್ಗಾಯಿಸಿದ ಮೇಲೆ ದೋಷ ಶುರುವಾಗಿದ್ದರೆ ಅನುಮಾನ ಅಲ್ಲಿಗೇ ಹೋಗಲಿ. ಏಜೆಂಟ್ ಮತ್ತು ಕೆಳಹಂತದ ಯಂತ್ರನಿಯಂತ್ರಣವನ್ನು ಹೇಗೆ ಜೋಡಿಸಬೇಕೆಂಬ ವಿಷಯಕ್ಕೇ ಐಇಇಇ 2660.1 ಎಂಬ ಶಿಫಾರಸು 2020ರಲ್ಲಿ ಬಂದಿದೆ. ಹೊಸದಾಗಿ ಕಟ್ಟುವವರು ಅದನ್ನು ಮೊದಲೇ ಓದಿಕೊಂಡರೆ ಈ ಅಧ್ಯಾಯದ ಅರ್ಧ ಬೇಕಾಗಲಿಕ್ಕಿಲ್ಲ.

ಟೆಂಡರ್ ಎಲ್ಲಿ ಕಡಿಯಿತು

ಕೆಳಗೆ ಎಲ್ಲವೂ ಸರಿ ಎಂದಾದ ಮೇಲೆ ಮಾತುಕತೆಗೆ ಬನ್ನಿ. ಬಹುತೇಕ ವ್ಯವಸ್ಥೆಗಳಲ್ಲಿ ಕೆಲಸ ಹಂಚುವುದು ರೀಡ್ ಸ್ಮಿತ್ 1980ರಲ್ಲಿ ವಿವರಿಸಿದ ಕಾಂಟ್ರ್ಯಾಕ್ಟ್ ನೆಟ್ ಕ್ರಮದಲ್ಲಿ. ಏಜೆಂಟುಗಳ ಮಾತುಕತೆಗೆ ಮಾನದಂಡ ಕೊಟ್ಟ ಫಿಪಾ ಸಂಸ್ಥೆ ಅದನ್ನು ಸಂದೇಶಗಳ ಪ್ರಮಾಣಿತ ಸರಣಿಯಾಗಿ ರೂಪಿಸಿತು. ಸರ್ಕಾರಿ ಕಾಮಗಾರಿಯ ಟೆಂಡರ್ ಬಲ್ಲವರಿಗೆ ಇದು ಹೊಸದಲ್ಲ: ಆರ್ಡರ್ ಟೆಂಡರ್ ಕರೆಯುತ್ತದೆ, ಯಂತ್ರಗಳು ಬಿಡ್ ಹಾಕುತ್ತವೆ ಅಥವಾ ನಿರಾಕರಿಸುತ್ತವೆ, ಗೆದ್ದವರಿಗೆ ಕಾರ್ಯಾದೇಶ ಹೋಗುತ್ತದೆ, ಸೋತವರಿಗೆ ತಿರಸ್ಕಾರ ಪತ್ರ ಹೋಗುತ್ತದೆ, ಕೆಲಸ ಮುಗಿದಾಗ ವರದಿ ಬರುತ್ತದೆ.

ಈ ಲಾಗನ್ನು ನೋಡಿ. ಬಿಡ್‌ನಲ್ಲಿರುವ ಸಂಖ್ಯೆ, ಕೆಲಸ ಮುಗಿಸಲು ಬೇಕಾಗುವ ಸೆಕೆಂಡುಗಳು.

10:42:07.310 ಆರ್ಡರ್-17 → ಕೊರೆ-1, ಕೊರೆ-2, ಕೊರೆ-3: ಟೆಂಡರ್, ಸಂವಾದ 4471
10:42:07.352 ಕೊರೆ-1 → ಆರ್ಡರ್-17: ಬಿಡ್ 95
10:42:07.361 ಕೊರೆ-2 → ಆರ್ಡರ್-17: ಬಿಡ್ 60
10:42:07.420 ಕೊರೆ-3 → ಆರ್ಡರ್-17: ಬಿಡ್ 140
10:42:07.433 ಆರ್ಡರ್-17 → ಕೊರೆ-2: ಕಾರ್ಯಾದೇಶ
10:43:12.870 ಕೊರೆ-2 → ಆರ್ಡರ್-17: ಮುಗಿಯಿತು
10:43:31.008 ಆರ್ಡರ್-18 → ಕೊರೆ-1, ಕೊರೆ-2, ಕೊರೆ-3: ಟೆಂಡರ್, ಸಂವಾದ 4472
10:43:31.049 ಕೊರೆ-2 → ಆರ್ಡರ್-18: ಬಿಡ್ 60

ಇಲ್ಲಿಗೆ ಲಾಗ್ ನಿಂತಿದೆ. ಕೊರೆ-2 ಬಿಡ್ ಹಾಕಿದೆ, ಖಾಲಿ ಇದೆ, ಆದರೂ ಅದಕ್ಕೆ ಕಾರ್ಯಾದೇಶ ಬರುತ್ತಿಲ್ಲ. ಮೊದಲ ನೋಟಕ್ಕೆ ಆರ್ಡರ್-18 ಕೆಟ್ಟಿದೆ ಎನಿಸುತ್ತದೆ. ಅದನ್ನು ಕೊಂದು ಮತ್ತೆ ಹುಟ್ಟಿಸಿದರೂ ಹೊಸ ಸಂವಾದದಲ್ಲಿ ಇದೇ ಆಗುತ್ತದೆ. ಬಂದ ಸಂದೇಶಗಳನ್ನು ಬಿಟ್ಟು ಬರಬೇಕಾಗಿದ್ದು ಬಾರದವುಗಳನ್ನು ಎಣಿಸಿ. 4471ರಲ್ಲಿ ಕೊರೆ-1 ಮತ್ತು ಕೊರೆ-3ಕ್ಕೆ ತಿರಸ್ಕಾರ ಪತ್ರ ಹೋಗಿಲ್ಲ. ಅವೆರಡೂ ಇನ್ನೂ ಆರ್ಡರ್-17ರ ಉತ್ತರಕ್ಕೆ ಕಾಯುತ್ತಿವೆ. ಜೇಡ್‌ನ ಸಾಮಾನ್ಯ ಬಿಡ್ಡುದಾರ ವರ್ಗ (ಬಿಡ್ ಹಾಕಲು ಅದು ಒದಗಿಸುವ ಸಿದ್ಧ ಕಾರ್ಯಕ್ರಮ) ಒಂದು ಹೊತ್ತಿಗೆ ಒಂದೇ ಮಾತುಕತೆ ನಡೆಸಬಲ್ಲದು. ಅದು ಮುಗಿಯುವವರೆಗೆ ಮುಂದಿನ ಟೆಂಡರ್ ಸರದಿಯಲ್ಲೇ ಬಿದ್ದಿರುತ್ತದೆ. ಇತ್ತ ಆರ್ಡರ್-18 ತನ್ನ ಟೆಂಡರ್‌ಗೆ ಕೊನೆಯ ದಿನಾಂಕವನ್ನೇ ಹಾಕಿಲ್ಲ. ಗಡುವಿಲ್ಲದ ಟೆಂಡರ್ ಎಂದರೆ ಮೂವರೂ ಉತ್ತರಿಸುವವರೆಗೆ ಕಾಯುವುದು ಎಂದೇ ಅರ್ಥ. ಕೊರೆ-1 ಮತ್ತು ಕೊರೆ-3 ಉತ್ತರಿಸುವ ಸ್ಥಿತಿಯಲ್ಲಿಲ್ಲ. ಹೀಗೆ ಎರಡು ತಪ್ಪುಗಳು ಕೈಜೋಡಿಸಿವೆ.

ಇಷ್ಟರಲ್ಲಿ ಯಾರಾದರೂ ಟೆಂಡರ್‌ಗೆ ಎರಡು ಸೆಕೆಂಡಿನ ಗಡುವು ಹಾಕಿ ದೋಷ ಪರಿಹಾರವಾಯಿತೆಂದು ಘೋಷಿಸಿದರೆ ನಂಬಬೇಡಿ. ಪ್ಯಾಲೆಟ್ ಹೊರಡುತ್ತದೆ ನಿಜ. ಆದರೆ ಅಲ್ಲಿಂದ ಮುಂದೆ ಎಲ್ಲ ಕೆಲಸವೂ ಕೊರೆ-2ಕ್ಕೇ ಹೋಗುತ್ತದೆ, ಉಳಿದೆರಡು ಯಂತ್ರಗಳು ಹಸಿರು ದೀಪ ಉರಿಸಿಕೊಂಡು ಸುಮ್ಮನಿರುತ್ತವೆ, ಉತ್ಪಾದನೆ ಯಾಕೋ ಕಡಿಮೆ ಎಂಬ ಗೊಣಗಾಟ ಮಾತ್ರ ಕೇಳುತ್ತದೆ. ನಿಂತ ವ್ಯವಸ್ಥೆಗಿಂತ ಕುಂಟುವ ವ್ಯವಸ್ಥೆಯಲ್ಲಿ ದೋಷ ಹುಡುಕುವುದು ಬಲು ಪ್ರಯಾಸದ ಕೆಲಸ.

ಪೂರ್ತಿ ಪರಿಹಾರಕ್ಕೆ ಮೂರೂ ಬೇಕು. ಆರ್ಡರ್ ಏಜೆಂಟ್ ಬಿಡ್‌ಗಳನ್ನು ತೂಗಿದ ಮೇಲೆ ಬಂದ ಪ್ರತಿ ಬಿಡ್‌ಗೂ, ಗೆದ್ದುದಕ್ಕೂ ಸೋತುದಕ್ಕೂ, ಉತ್ತರ ಹಾಕಲೇಬೇಕು; ಜೇಡ್‌ನಲ್ಲಿ ಇದು ತಾನಾಗಿ ಆಗುವುದಿಲ್ಲ, ಬರೆಯುವವರೇ ತಿರಸ್ಕಾರಗಳನ್ನೂ ಉತ್ತರಗಳ ಪಟ್ಟಿಗೆ ಸೇರಿಸಬೇಕು. ಟೆಂಡರ್‌ಗೆ ಗಡುವಿರುವಂತೆ ಬಿಡ್‌ಗೂ ಗಡುವಿರಬೇಕು, ಆಗ ಆರ್ಡರ್ ಏಜೆಂಟ್ ನಡುವೆಯೇ ಸತ್ತರೂ ಯಂತ್ರ ಬಿಡುಗಡೆಯಾಗುತ್ತದೆ. ಯಂತ್ರದ ಕಡೆ ಏಕಕಾಲಕ್ಕೆ ಹಲವು ಮಾತುಕತೆ ನಡೆಸುವ ವರ್ಗವನ್ನು ಬಳಸಬೇಕು. ಆದರೆ ಈ ಮೂರನೆಯದು ಹೊಸ ಜವಾಬ್ದಾರಿ ತರುತ್ತದೆ: ಇಬ್ಬರಿಗೆ ಒಂದೇ ಸಮಯದ ಬಿಡ್ ಕೊಟ್ಟು ಇಬ್ಬರಿಂದಲೂ ಕಾರ್ಯಾದೇಶ ಬಂದರೆ ಎರಡನೆಯವರಿಗೆ ವಿಫಲ ಎಂದು ಕೂಡಲೇ ಹೇಳಬೇಕು, ಆ ಆರ್ಡರ್ ಮತ್ತೆ ಟೆಂಡರ್ ಕರೆಯಬೇಕು. ಕಾರ್ಯಾದೇಶದ ನಂತರ ಬರುವ ವಿಫಲ ಸಂದೇಶವನ್ನು ಏನು ಮಾಡಬೇಕೆಂದು ಬರೆಯದೆ ಬಿಟ್ಟ ಆರ್ಡರ್ ಏಜೆಂಟುಗಳು ಬೇಕಾದಷ್ಟು ಸಿಗುತ್ತವೆ. ಟೆಂಡರ್ ಗೆಲ್ಲುವ ಹಾದಿಯನ್ನು ಎಲ್ಲರೂ ಆಸಕ್ತಿಯಿಂದ ಬರೆಯುತ್ತಾರೆ, ಸೋಲುವ ಹಾದಿಯನ್ನು ಬರೆಯಲು ಯಾರಿಗೂ ಪುರಸೊತ್ತಿಲ್ಲ.

ಗಡುವು ಹಾಕಿದ ಮೇಲೆ ಗಡಿಯಾರ ನೋಡಬೇಕು. ಗಡುವನ್ನು ಇಂತಿಷ್ಟು ಸೆಕೆಂಡು ಎಂದು ಕಳಿಸದೆ ಇಷ್ಟು ಗಂಟೆಯೊಳಗೆ ಎಂದು ಕಳಿಸುವುದು ರೂಢಿ. ಯಂತ್ರದ ಪಕ್ಕದ ಕಂಪ್ಯೂಟರಿನ ಗಡಿಯಾರ ಆರ್ಡರ್ ಇರುವ ಸರ್ವರಿನದಕ್ಕಿಂತ ಮೂರು ಸೆಕೆಂಡು ಮುಂದಿದ್ದು ಗಡುವು ಎರಡು ಸೆಕೆಂಡು ಮಾತ್ರ ಇದ್ದರೆ, ಟೆಂಡರ್ ಕೈಗೆ ಬರುವ ಹೊತ್ತಿಗೇ ಅವಧಿ ಮುಗಿದಿರುತ್ತದೆ; ಅವಧಿ ಪರೀಕ್ಷಿಸುವ ಯಂತ್ರ ಅದನ್ನು ಸದ್ದಿಲ್ಲದೆ ಬಿಸಾಡುತ್ತದೆ. ಒಂದೇ ಕಂಪ್ಯೂಟರಿನ ಯಂತ್ರಗಳೆಲ್ಲ ಒಟ್ಟಿಗೆ ಮೌನವಾಗಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಎಲ್ಲ ಗಡಿಯಾರಗಳನ್ನೂ ಜಾಲದಲ್ಲಿ ಸಮಯ ಹೊಂದಿಸುವ ಎನ್‌ಟಿಪಿ ಮೂಲಕ ಒಂದೇ ಮೂಲಕ್ಕೆ ಕಟ್ಟಿದರೆ ಈ ಕೆಲಸಕ್ಕೆ ಸಾಕು.

ಇನ್ನೊಂದು ಮೌನ ಸಂದೇಶದ ಸೋಸುಪಟ್ಟಿಯಿಂದ ಬರುತ್ತದೆ. ಏಜೆಂಟ್ ಇಂಥ ಬಗೆಯ, ಇಂಥ ಆಂಟಾಲಜಿಯ (ಒಪ್ಪಿಕೊಂಡ ಪದಕೋಶದ) ಸಂದೇಶ ಮಾತ್ರ ಬೇಕೆಂದು ಹೇಳಿರುತ್ತದೆ. ಯಾವ ಸೋಸುಪಟ್ಟಿಗೂ ಒಗ್ಗದ ಸಂದೇಶ ಸರದಿಯಲ್ಲಿ ಕೊಳೆಯುತ್ತದೆ, ಯಾರೂ ದೂರುವುದಿಲ್ಲ. ಕಡೆಯಲ್ಲಿ ಎಲ್ಲವನ್ನೂ ಬಾಚಿ 'ಅರ್ಥವಾಗಲಿಲ್ಲ' ಎಂದು ಉತ್ತರಿಸಿ ಲಾಗ್‌ಗೆ ಬರೆಯುವ ಒಂದು ವರ್ತನೆಯನ್ನು (ಏಜೆಂಟ್ ಓಡಿಸುವ ಕಾರ್ಯಕ್ರಮದ ತುಣುಕನ್ನು) ಪ್ರತಿ ಏಜೆಂಟಿಗೂ ಸೇರಿಸಿ. ಅದರ ಸೋಸುಪಟ್ಟಿ ಉಳಿದವುಗಳು ಬಿಟ್ಟದ್ದನ್ನು ಮಾತ್ರ ಹಿಡಿಯುವಂತಿರಬೇಕು; ಇಲ್ಲವಾದರೆ ಒಳ್ಳೆಯ ಸಂದೇಶಗಳನ್ನೂ ಅದೇ ನುಂಗುತ್ತದೆ.

ಥ್ರೆಡ್ ಸಿಕ್ಕಿಕೊಂಡಿದ್ದರೆ

ಜೇಡ್‌ನಲ್ಲಿ ಒಂದು ಏಜೆಂಟಿಗೆ ಒಂದೇ ಥ್ರೆಡ್. ಅದರ ವರ್ತನೆಗಳೆಲ್ಲ ಸರತಿಯಲ್ಲಿ, ಒಂದು ತಾನಾಗಿ ಬಿಟ್ಟುಕೊಟ್ಟ ಮೇಲೆ ಇನ್ನೊಂದು ಓಡುತ್ತದೆ. ಒಂದು ವರ್ತನೆಯೊಳಗೆ ಡೇಟಾಬೇಸನ್ನೋ ಪಿಎಲ್‌ಸಿ ಟ್ಯಾಗನ್ನೋ ಗಡುವಿಲ್ಲದೆ ಓದಲು ಹೋಗಿ ಉತ್ತರ ಬಾರದಿದ್ದರೆ ಇಡೀ ಏಜೆಂಟ್ ಹೆಪ್ಪುಗಟ್ಟುತ್ತದೆ. ಪಟ್ಟಿಯಲ್ಲಿ ಮಾತ್ರ ಸಕ್ರಿಯ ಎಂದೇ ಕಾಣುತ್ತದೆ. ಎರಡು ಥ್ರೆಡ್ ಡಂಪ್‌ಗಳು ಹೇಳುವುದು ಇದನ್ನೇ. ಅಂಥ ಓದುವಿಕೆಯನ್ನು ಬೇರೆ ಥ್ರೆಡ್‌ಗೆ ಹಾಕಿ, ಗಡುವು ಕೊಡಿ.

ಇದಕ್ಕೆ ತದ್ವಿರುದ್ಧ: ಸಂದೇಶವಿಲ್ಲದಾಗ ತಡೆದು ನಿಲ್ಲುವ ಸಾಲನ್ನು ಮರೆತರೆ ಏಜೆಂಟ್ ಸುಮ್ಮನೆ ಸುತ್ತುತ್ತಾ ಒಂದು ಸಿಪಿಯು ಕೋರನ್ನು ಪೂರ್ತಿ ತಿನ್ನುತ್ತದೆ, ಅದೇ ಕಂಪ್ಯೂಟರಿನ ಉಳಿದ ಏಜೆಂಟುಗಳು ತಡವಾಗಿ ಉತ್ತರಿಸಿ ಗಡುವು ತಪ್ಪಿಸಿಕೊಳ್ಳುತ್ತವೆ.

ಡೈರೆಕ್ಟರಿ

ಟೆಂಡರ್ ಯಂತ್ರಕ್ಕೆ ತಲುಪಿಯೇ ಇಲ್ಲವಾದರೆ ಸೇವೆಗಳ ಡೈರೆಕ್ಟರಿ ನೋಡಿ. ಯಂತ್ರದ ಏಜೆಂಟ್ ಸತ್ತು ಬೇರೆ ಹೆಸರಲ್ಲಿ ಹುಟ್ಟಿದ ಮೇಲೂ ಹಳೆಯ ನಮೂದು ಉಳಿದಿರಬಹುದು. ನೋಂದಣಿಗೆ ಅವಧಿ ಹಾಕಿ ಆಗಾಗ ನವೀಕರಿಸಿದರೆ ಇದು ತಪ್ಪುತ್ತದೆ. ಕೆಲಸದ ಹೆಸರಿನಲ್ಲಿ ಒಂದು ಅಕ್ಷರದ ವ್ಯತ್ಯಾಸವಿದ್ದರೂ ಹುಡುಕಾಟ ಖಾಲಿ ಪಟ್ಟಿ ಕೊಡುತ್ತದೆ. ಖಾಲಿ ಪಟ್ಟಿ ಬಂದಾಗ ಆರ್ಡರ್ ಏನು ಮಾಡುತ್ತದೆಂದು ಕೇಳಿ. ಏನೂ ಮಾಡುವುದಿಲ್ಲ ಎಂಬುದು ಉತ್ತರವಾದರೆ ಮುಂದೆ ಹೋಗಬೇಕಿಲ್ಲ.

ವರ್ತುಲ ಕಾಯುವಿಕೆ

ಒಂದು ಆರ್ಡರ್ ಯಂತ್ರವನ್ನು ಕಾಯ್ದಿರಿಸಿ ಸಾಗಣೆ ಗಾಡಿಗೆ ಕಾಯುತ್ತಿದೆ. ಇನ್ನೊಂದು ಆರ್ಡರ್ ಗಾಡಿಯನ್ನು ಕಾಯ್ದಿರಿಸಿ ಅದೇ ಯಂತ್ರಕ್ಕೆ ಕಾಯುತ್ತಿದೆ. ಯಂತ್ರ ಖಾಲಿ, ಗಾಡಿ ಖಾಲಿ, ಎರಡು ಪ್ಯಾಲೆಟ್ ನಿಂತಿವೆ. ಪ್ರತಿ ಸಂವಾದವೂ ಬಿಡಿಯಾಗಿ ನೋಡಿದರೆ ನಿಯಮಬದ್ಧ, ಆದ್ದರಿಂದ ಹಿಂದಿನ ಭಾಗದ ಹಾಗೆ ಲಾಗ್ ಓದಿ ಇದನ್ನು ಹಿಡಿಯಲಾಗದು. ಹಾಳೆ ತೆಗೆದುಕೊಂಡು ಯಾರ ಬಳಿ ಏನಿದೆ, ಯಾರು ಯಾವುದಕ್ಕೆ ಕಾಯುತ್ತಿದ್ದಾರೆ ಎಂದು ಬಾಣ ಎಳೆಯಿರಿ. ಬಾಣಗಳು ಹೊರಟಲ್ಲಿಗೇ ಮರಳಿದರೆ ಗಂಟು ಸಿಕ್ಕಿತು.

ಕಾಫ್‌ಮನ್ ಮತ್ತು ಸಂಗಡಿಗರು 1971ರಲ್ಲಿ ಪಟ್ಟಿ ಮಾಡಿದ ನಾಲ್ಕು ಷರತ್ತುಗಳು ಇಲ್ಲಿಗೂ ಅನ್ವಯ: ಒಂದು ವಸ್ತು ಒಬ್ಬರಿಗೇ, ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯುವುದು, ಬಲವಂತವಾಗಿ ಕಸಿಯುವಂತಿಲ್ಲದಿರುವುದು, ಕಾಯುವಿಕೆಯ ವರ್ತುಲ. ನಾಲ್ಕರಲ್ಲಿ ಒಂದನ್ನು ಮುರಿದರೆ ಸಾಕು. ಯಂತ್ರ ಒಬ್ಬರಿಗೇ ಎಂಬುದನ್ನು ಮುರಿಯಲಾಗದು. ಸುಲಭವಾದದ್ದು ಕಾಯ್ದಿರಿಸುವ ಕ್ರಮ: ಎಲ್ಲ ಆರ್ಡರ್‌ಗಳೂ ಮೊದಲು ಯಂತ್ರ, ಆಮೇಲೆ ಗಾಡಿ ಎಂಬ ಒಂದೇ ಕ್ರಮ ಪಾಲಿಸಿದರೆ ವರ್ತುಲ ಕೂಡುವುದೇ ಇಲ್ಲ. ಸ್ವಾಯತ್ತತೆಗೆ ಇದು ಅಡ್ಡಿ ಎಂದು ವಾದಿಸುವವರಿದ್ದಾರೆ. ನಿಂತುಹೋದ ಸ್ವಾಯತ್ತತೆಯಿಂದ ಯಾರಿಗೂ ಲಾಭವಿಲ್ಲ. ಕಾಯ್ದಿರಿಸುವಿಕೆಗೆ ಅವಧಿ ಹಾಕಿ, ಮುಗಿದಾಗ ಬಿಟ್ಟುಕೊಟ್ಟು ಮತ್ತೆ ಪ್ರಯತ್ನಿಸುವುದು ಇನ್ನೊಂದು ದಾರಿ. ಆದರೆ ಮರುಪ್ರಯತ್ನದ ಅಂತರ ಎಲ್ಲರಿಗೂ ಒಂದೇ ಇದ್ದರೆ ಇಬ್ಬರೂ ಒಟ್ಟಿಗೆ ಬಿಟ್ಟು ಒಟ್ಟಿಗೆ ಹಿಡಿಯುತ್ತಾರೆ. ಅಂತರದಲ್ಲಿ ಸ್ವಲ್ಪ ಯಾದೃಚ್ಛಿಕತೆ ಇರಲಿ.

ಭೌತಿಕ ಗಂಟು ಬೇರೆ ಜಾತಿಯದು. ಯಂತ್ರದೊಳಗೆ ಮುಗಿದ ಭಾಗವಿದೆ, ತೆಗೆಯಲು ರೋಬೋಟ್ ಬೇಕು. ಒಂದೇ ಹಿಡಿಕೆಯ ರೋಬೋಟಿನ ಕೈಯಲ್ಲಿ ಮುಂದಿನ ಭಾಗವಿದೆ, ಇಡಲು ಯಂತ್ರ ಖಾಲಿಯಾಗಬೇಕು. ಇಲ್ಲಿ ಗಡುವು ಮುಗಿದರೂ ಪ್ರಯೋಜನವಿಲ್ಲ, ಕಬ್ಬಿಣದ ಭಾಗವನ್ನು ಸಂದೇಶದಿಂದ ರದ್ದು ಮಾಡಲಾಗದು. ಸುತ್ತು ಕನ್ವೇಯರಿನಲ್ಲಿ ಜಾಗಗಳಿಗಿಂತ ಕನಿಷ್ಠ ಒಂದು ಪ್ಯಾಲೆಟ್ ಕಡಿಮೆ ಇರಬೇಕು, ಎತ್ತಿದ ಭಾಗವನ್ನು ತಾತ್ಕಾಲಿಕವಾಗಿ ಇಡಲು ಒಂದು ತಾಣ ಸದಾ ಖಾಲಿ ಇರಬೇಕು ಎಂಬ ನಿಯಮಗಳನ್ನು ಏಜೆಂಟುಗಳ ಚೌಕಾಸಿಗೆ ಬಿಡದೆ ವಿನ್ಯಾಸದಲ್ಲೇ ಕೂಡಿಸಿ.

ಅಲೆದಾಟ

ಪ್ಯಾಲೆಟ್ ನಿಲ್ಲದೆ ಸುತ್ತು ಕನ್ವೇಯರಿನಲ್ಲಿ ತಿರುಗುತ್ತಲೇ ಇದೆ, ಸಂದೇಶಗಳ ಮಳೆ ಸುರಿಯುತ್ತಿದೆ ಎಂದರೆ ವ್ಯವಸ್ಥೆ ಚಂಚಲವಾಗಿದೆ. ಕೊರೆ-1ರತ್ತ ಹೊರಟ ಪ್ಯಾಲೆಟ್ ದಾರಿಯಲ್ಲಿ ಕೊರೆ-3 ಎರಡು ಸೆಕೆಂಡು ಬೇಗ ಎಂದು ತಿಳಿದು ತಿರುಗುತ್ತದೆ. ಅದರಿಂದಲೇ ಕೊರೆ-3ರ ಸಾಲು ಬೆಳೆದು ಕೊರೆ-1 ಮತ್ತೆ ಅಗ್ಗವಾಗುತ್ತದೆ. ಹೊಸ ಬಿಡ್ ಹಳೆಯದಕ್ಕಿಂತ ಗಣನೀಯವಾಗಿ, ಉದಾಹರಣೆಗೆ ಶೇಕಡ 15ರಷ್ಟು, ಉತ್ತಮವಾಗಿದ್ದರೆ ಮಾತ್ರ ಮನಸ್ಸು ಬದಲಿಸು ಎಂಬ ನಿಯಮ ಹಾಕಿ. ಎಷ್ಟು ಎಂಬುದನ್ನು ಪ್ರಯಾಣದ ಸಮಯ ನೋಡಿ ಅಳೆಯಿರಿ. ಯಂತ್ರದ ಹತ್ತಿರ ಬಂದ ಮೇಲೆ ಬದಲಾವಣೆಯನ್ನೇ ನಿಷೇಧಿಸಿ.

ಇರುವೆಗಳ ಜಾಡಿನಂತೆ ಉದ್ದೇಶಗಳನ್ನು ಯಂತ್ರಗಳ ಬಳಿ ಬರೆದು, ಕಾಲಕ್ರಮೇಣ ಆವಿಯಾಗಲು ಬಿಡುವ ವಿನ್ಯಾಸಗಳಲ್ಲಿ ಒಂದು ವಿಶಿಷ್ಟ ದೋಷವಿದೆ: ಆವಿಯಾಗುವ ಅವಧಿ 20 ಸೆಕೆಂಡು, ಆರ್ಡರ್ ತನ್ನ ಉದ್ದೇಶವನ್ನು ನವೀಕರಿಸುವುದು 30 ಸೆಕೆಂಡಿಗೊಮ್ಮೆ. ನಡುವಿನ ಹತ್ತು ಸೆಕೆಂಡು ಆ ಕಾಯ್ದಿರಿಸುವಿಕೆ ಯಾರಿಗೂ ಕಾಣುವುದಿಲ್ಲ, ಬೇರೆಯವರು ಬಂದು ಕೂರುತ್ತಾರೆ. ಒಂದೆರಡು ನವೀಕರಣ ತಪ್ಪಿದರೂ ಉಳಿಯುವಷ್ಟು ಆಯುಷ್ಯ ಕೊಡಿ.

ಗಂಟು ಬಿಡಿಸುವಾಗ

ಸಿಕ್ಕಿಕೊಂಡ ಒಪ್ಪಂದವನ್ನು ಬಿಡಿಸಿದ ಕ್ಷಣವೇ ಕಾರ್ಯಾದೇಶ ಹೊರಡಬಹುದು, ಯಂತ್ರ ಚಲಿಸಬಹುದು. ಗಂಟೆಗಟ್ಟಲೆ ನಿಂತ ಯಂತ್ರದ ಪಕ್ಕದಲ್ಲಿ ಯಾರೋ ತಲೆ ಹಾಕಿ ನೋಡುತ್ತಿರುವುದು ಇಂಥ ಹೊತ್ತಿನಲ್ಲೇ. ಸೆಲ್ಲಿನಿಂದ ಎಲ್ಲರೂ ಹೊರಗಿದ್ದಾರೆ, ಬೇಲಿಯ ಬಾಗಿಲು ಮುಚ್ಚಿದೆ ಎಂದು ಖಚಿತವಾಗುವವರೆಗೆ ಕೀಬೋರ್ಡ್ ಮುಟ್ಟಬೇಡಿ. ಒಳಗೆ ಕೆಲಸವಿದ್ದರೆ ವಿದ್ಯುತ್ತನ್ನೂ ಗಾಳಿಯ ಒತ್ತಡವನ್ನೂ ಕಡಿದು ಬೀಗ ಹಾಕಿ. ಸುರಕ್ಷತೆಯ ಸರ್ಕ್ಯೂಟ್ ಯಾವ ಏಜೆಂಟಿನ ಮಾತನ್ನೂ ಕೇಳಬಾರದು. ಕೇಳುವಂತೆ ಕಟ್ಟಿದ್ದರೆ ಈ ದೋಷವನ್ನು ಪಕ್ಕಕ್ಕಿಟ್ಟು ಮೊದಲು ಅದನ್ನು ಸರಿಪಡಿಸಿ.

ಬಿಡಿಸುವ ಕ್ರಮ ಕೆಳಗಿನಿಂದ ಮೇಲಕ್ಕೆ. ಯಂತ್ರದಲ್ಲಿ ನಿಜವಾಗಿ ಏನಿದೆಯೋ ಅದಕ್ಕೆ ಸಂಪನ್ಮೂಲ ಏಜೆಂಟಿನ ಸ್ಥಿತಿಯನ್ನು ಹೊಂದಿಸಿ. ತೂಗಾಡುತ್ತಿರುವ ಸಂವಾದವನ್ನು ಎರಡೂ ಕಡೆ ರದ್ದು ಮಾಡಿ. ಆರ್ಡರ್ ಮತ್ತೆ ಟೆಂಡರ್ ಕರೆಯಲಿ. ಆರ್ಡರ್ ಏಜೆಂಟನ್ನು ಮಾತ್ರ ಕೊಂದು ಹುಟ್ಟಿಸುವುದು ಅಪಾಯ: ಅದಕ್ಕೆ ಹಿಂದಿನದು ನೆನಪಿಲ್ಲ, ಪಿಎಲ್‌ಸಿಗೆ ನೆನಪಿದೆ, ಕೊರೆದ ಭಾಗಕ್ಕೇ ಮತ್ತೆ ಕೊರೆಯಲು ಕಾರ್ಯಾದೇಶ ಹೋಗಬಹುದು. ಮುಗಿದ ಹಂತಗಳನ್ನು ಪ್ಯಾಲೆಟಿನ ಆರ್‌ಎಫ್‌ಐಡಿ ಟ್ಯಾಗಿನಲ್ಲೋ ಡೇಟಾಬೇಸಿನಲ್ಲೋ ಬರೆದಿಟ್ಟು, ಹುಟ್ಟುವಾಗ ಅದನ್ನು ಓದುವ ಏಜೆಂಟಾದರೆ ಮಾತ್ರ ಹಾಗೆ ಮಾಡಿ.

ಮರುಕಳಿಸದಂತೆ

ಪ್ರತಿ ಒಪ್ಪಂದಕ್ಕೂ ಒಂದು ವಯಸ್ಸು ಲೆಕ್ಕ ಹಾಕಿ: ತೆರೆದು ಎಷ್ಟು ಹೊತ್ತಾಯಿತು, ಕಡೆಯ ಸಂದೇಶ ಬಂದು ಎಷ್ಟು ಹೊತ್ತಾಯಿತು. ನಿರೀಕ್ಷಿತ ಅವಧಿಯ ಎರಡರಷ್ಟು ದಾಟಿದರೆ ಅಲಾರಂ ಬರಲಿ, ಅದರಲ್ಲಿ ಎರಡೂ ಪಕ್ಷಗಳ ಹೆಸರು ಮತ್ತು ಸಂವಾದ ಸಂಖ್ಯೆ ಇರಲಿ. ಸಂವಾದ ಸಂಖ್ಯೆ ಪಿಎಲ್‌ಸಿಯ ಕೆಲಸದ ಕ್ರಮಸಂಖ್ಯೆಯ ಜೊತೆ ಕೂಡಿಕೊಂಡರೆ ಮೇಲಿನ ಲಾಗ್ ಮತ್ತು ಕೆಳಗಿನ ಲಾಗ್ ಒಂದೇ ಕಥೆ ಹೇಳುತ್ತವೆ.

ಪರೀಕ್ಷೆಯನ್ನು ಗೆಲ್ಲುವ ಹಾದಿಗೆ ಮಾತ್ರ ಸೀಮಿತಗೊಳಿಸಬೇಡಿ. ಯಂತ್ರಗಳ ಬದಲು ಅನುಕರಣೆ ಓಡುತ್ತಿರುವಾಗ, ಟೆಂಡರ್ ಕರೆದ ಕೂಡಲೇ ಆರ್ಡರ್ ಏಜೆಂಟನ್ನು ಕೊಲ್ಲಿ. ಬಿಡ್ ಹಾಕಿದ ಮೇಲೆ ಯಂತ್ರದ ಏಜೆಂಟನ್ನು ಕೊಲ್ಲಿ. ಕಾರ್ಯಾದೇಶ ಮತ್ತು 'ಮುಗಿಯಿತು' ನಡುವೆ ಜಾಲದ ತಂತಿ ಕಿತ್ತು ಒಂದು ನಿಮಿಷದ ಬಳಿಕ ಮತ್ತೆ ಹಾಕಿ. ಒಂದು ಕಂಪ್ಯೂಟರಿನ ಗಡಿಯಾರವನ್ನು ಐದು ಸೆಕೆಂಡು ಮುಂದಕ್ಕೆ ತಿರುಗಿಸಿ. ಪ್ರತಿ ಸಲವೂ ಉಳಿದ ಏಜೆಂಟುಗಳು ನಿಗದಿತ ಗಡುವಿನೊಳಗೆ ಮುಂದಿನ ಟೆಂಡರ್‌ಗೆ ಉತ್ತರ ಕೊಡುತ್ತವೆಯೇ ಎಂದು ನೋಡಿ, ಕೊಡದ ಏಜೆಂಟನ್ನು ಯಂತ್ರಕ್ಕೆ ಜೋಡಿಸಬೇಡಿ.